ಅಡಿಕೆ, ಕೋಕೋ ಮತ್ತು ಸರ್ಕಾರದ ಹಣ: ಕ್ಯಾಂಪ್ಕೋ ಹುಟ್ಟಿದ ಕಥೆ

ಮಂಗಳೂರಿನ ಮಿಷನ್ ಸ್ಟ್ರೀಟ್‌ನಲ್ಲಿ ಕ್ಯಾಂಪ್ಕೋದ ಕೇಂದ್ರ ಕಚೇರಿ ಇದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಆದರೆ ಅದು ಹುಟ್ಟುವಾಗ ಸರ್ಕಾರದ ಹಣ ಯಾವ ರೂಪದಲ್ಲಿ ಬಂತು, ಅದರಿಂದ ರೈತರಿಗೆ ಏನಾಯಿತು ಎಂಬುದು ಇಂದಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ತೋಟಕ್ಕೆ ಸಬ್ಸಿಡಿ ಅರ್ಜಿ ಹಾಕುವವರು ತಿಳಿದಿರಬೇಕಾದ ಕಥೆ ಅದು.

ಮೊದಲ ಹಣ ಬೆಳೆಸುವುದಕ್ಕೆ

ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಬೇಕಾದಷ್ಟು ಅಡಿಕೆ ಇಲ್ಲಿ ಬೆಳೆಯುತ್ತಿರಲಿಲ್ಲ. ಹೊರದೇಶಗಳಿಂದ ಹಡಗಿನಲ್ಲಿ ಬರುತ್ತಿತ್ತು. ವಿಭಜನೆಯಾದಾಗ ಪೂರ್ವ ಬಂಗಾಳದ ಅಡಿಕೆ ತೋಟಗಳೂ ಪಾಕಿಸ್ತಾನಕ್ಕೆ ಹೋದವು. 1949ರಲ್ಲಿ ಭಾರತೀಯ ಕೇಂದ್ರ ಅಡಿಕೆ ಸಮಿತಿ ರಚನೆಯಾಯಿತು. ಕೇಂದ್ರ ಸರ್ಕಾರ ಅದಕ್ಕೆ ಅನುದಾನ ಕೊಟ್ಟಿತು. 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂತು. ಇಂದು ಅನೇಕ ತೋಟಗಳಲ್ಲಿರುವ 'ಮಂಗಳ' ತಳಿ 1972ರಲ್ಲಿ ಬಿಡುಗಡೆಯಾದದ್ದು ಅಲ್ಲಿಂದಲೇ.

ತೋಟ ಹೆಚ್ಚಿತು, ಅಡಿಕೆಯೂ ಹೆಚ್ಚಿತು. ಮಾರಾಟ ಮಾತ್ರ ಖಾಸಗಿ ವ್ಯಾಪಾರಿಗಳ ಕೈಯಲ್ಲೇ ಉಳಿಯಿತು. 1970ರ ದಶಕದ ಆರಂಭದಲ್ಲಿ ಧಾರಣೆ ಬಿದ್ದಾಗ ಬೆಳೆಗಾರನಿಗೆ ದಾರಿಯೇ ಇರಲಿಲ್ಲ. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಒಂದು ವರ್ಷ ದರವಿಲ್ಲವೆಂದು ತೋಟ ಕಡಿದು ಬೇರೆ ಬೆಳೆಗೆ ಹೋಗಲು ಇದೇನು ತರಕಾರಿಯಲ್ಲ.

ಎರಡನೆಯ ಹಣ ಕೊಳ್ಳುವುದಕ್ಕೆ

ಆ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟುಗೂಡಿಸಿದರು. 1973ರ ಜುಲೈ 11ರಂದು ಕ್ಯಾಂಪ್ಕೋ ಸ್ಥಾಪನೆಯಾಯಿತು. ಗಡಿಯ ಆಚೆ ಈಚೆ ಬೆಳೆಯೂ ಒಂದೇ, ಕಷ್ಟವೂ ಒಂದೇ. ಹಾಗಾಗಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿದರು. ಎರಡೂ ಸರ್ಕಾರಗಳು ಷೇರು ಬಂಡವಾಳ ಹಾಕಿದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಸಬ್ಸಿಡಿ ಒಬ್ಬ ರೈತನ ಖಾತೆಗೆ ಬರುತ್ತದೆ, ಖರ್ಚಾಗುತ್ತದೆ. ಷೇರು ಬಂಡವಾಳ ಸಂಸ್ಥೆಯಲ್ಲಿ ಉಳಿಯುತ್ತದೆ. ಅದನ್ನು ಆಧಾರವಾಗಿಟ್ಟು ಬ್ಯಾಂಕ್ ಸಾಲ ಪಡೆಯಬಹುದು, ಅಡಿಕೆ ಕೊಳ್ಳಬಹುದು, ಮಾರಿ ಮತ್ತೆ ಕೊಳ್ಳಬಹುದು. ಬೆಳೆಗಾರರದೇ ಸಂಸ್ಥೆ ಮಾರುಕಟ್ಟೆಗೆ ಇಳಿದ ಮೇಲೆ ಚಾಲಿ ಅಡಿಕೆಯ ದರ ಹೇಳುವವರು ವ್ಯಾಪಾರಿಗಳು ಮಾತ್ರ ಎಂಬ ಸ್ಥಿತಿ ಹೋಯಿತು.

ಕೋಕೋ ಕೈಕೊಟ್ಟಾಗ

ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂದದ್ದು ಕೋಕೋದಲ್ಲಿ. ಅಡಿಕೆ ತೋಟದ ನೆರಳಿನಲ್ಲಿ ಉಪಬೆಳೆಯಾಗಿ ಕೋಕೋ ಹಾಕಿ ಎಂಬ ಪ್ರೋತ್ಸಾಹ 1970ರ ದಶಕದಲ್ಲಿ ಜೋರಾಗಿತ್ತು. ಆಗ ಜಗತ್ತಿನಲ್ಲಿ ಕೋಕೋ ದರ ಏರಿತ್ತು. 1980ರ ಹೊತ್ತಿಗೆ ದರ ಇಳಿಯಿತು, ಖಾಸಗಿ ಖರೀದಿದಾರರು ಹಿಂದೆ ಸರಿದರು.

ಚಾಲಿ ಅಡಿಕೆಯಾದರೆ ಒಣಗಿಸಿ ಅಟ್ಟಕ್ಕೆ ಹಾಕಿ, ದರ ಬರುವ ತನಕ ಕಾಯಬಹುದು. ಕೋಕೋ ಹಾಗಲ್ಲ. ಕಾಯಿ ಒಡೆದು ತೆಗೆದ ಹಸಿ ಬೀಜವನ್ನು ಕೂಡಲೇ ಮಾರಬೇಕು, ಇಲ್ಲವೇ ಹುಳಿ ಬರಿಸಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಮನೆಯಂಗಳದಲ್ಲಿ ಅದು ಆಗುವ ಕೆಲಸವಲ್ಲ. ಕೊಳ್ಳುವವರಿಲ್ಲದೆ ಹಲವರು ಗಿಡವನ್ನೇ ಕಡಿದರು.

ಆಗ ಕ್ಯಾಂಪ್ಕೋ ಹಸಿ ಬೀಜ ಕೊಳ್ಳಲು ನಿಂತಿತು. ಸಂಸ್ಕರಿಸಿ ಹೊರದೇಶಕ್ಕೂ ಕಳಿಸಿತು. ಬೀಜ ಮಾರಿದರೆ ಸಾಲದು, ಚಾಕಲೇಟನ್ನೇ ಮಾಡಬೇಕು ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಇಂದಿಗೂ ನಮ್ಮ ಕಡೆ ಕೋಕೋ ಉಳಿದಿದ್ದರೆ ಆ ಕಾರ್ಖಾನೆಯ ಪಾಲು ದೊಡ್ಡದು.

ಈಗ ನಮಗೇಕೆ ಬೇಕು?

ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಬರಿದು ಮಾಡಿದೆ. 2021ರ ರಾಜ್ಯ ಬಜೆಟ್‌ನಲ್ಲಿ ಈ ರೋಗದ ಸಂಶೋಧನೆ ಮತ್ತು ಪರ್ಯಾಯ ಬೆಳೆಗೆಂದು 25 ಕೋಟಿ ರೂಪಾಯಿ ಘೋಷಣೆಯಾಯಿತು. ಜಾಯಿಕಾಯಿ, ರಂಬುಟಾನ್ ಹೀಗೆ ಹೊಸ ಬೆಳೆಗಳ ಮಾತು ಊರೂರಲ್ಲಿ ಕೇಳುತ್ತಿದೆ. ತೋಟಗಾರಿಕೆ ಇಲಾಖೆಯ ಸಹಾಯಧನ ಗಿಡ ನೆಡುವಾಗ ದೊಡ್ಡ ಆಸರೆ. ಖಂಡಿತ ತೆಗೆದುಕೊಳ್ಳಿ. ಆದರೆ ಅರ್ಜಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಫಸಲು ಬಂದ ದಿನ ಕೊಳ್ಳುವವರು ಯಾರು? ದರ ಬಿದ್ದರೆ ಎಷ್ಟು ದಿನ ಇಟ್ಟುಕೊಳ್ಳಬಹುದು? ಹತ್ತಿರದಲ್ಲಿ ಸಂಸ್ಕರಣೆ ಎಲ್ಲಿದೆ?

ಷೇರು ಬಂಡವಾಳದ ದಾರಿ ಈಗಲೂ ಪೂರ್ತಿ ಮುಚ್ಚಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ತಂದ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ, ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ ಒಬ್ಬರಿಗೆ 2,000 ರೂಪಾಯಿವರೆಗೆ, ಒಂದು ಸಂಸ್ಥೆಗೆ ಗರಿಷ್ಠ 15 ಲಕ್ಷದವರೆಗೆ ಸರ್ಕಾರ ಸೇರಿಸುವ ಅವಕಾಶ ಇಟ್ಟಿತು. ನಿಮ್ಮ ತಾಲೂಕಿನಲ್ಲಿ ಅಂಥ ಸಂಸ್ಥೆ ಇದೆಯೇ, ನಿಮ್ಮ ಬೆಳೆಯನ್ನು ಅದು ಕೊಳ್ಳುತ್ತದೆಯೇ ಎಂದು ಮುಂದಿನ ಸಲ ತೋಟಗಾರಿಕೆ ಕಚೇರಿಗೆ ಹೋದಾಗ ವಿಚಾರಿಸಿ. ಸಸಿಯ ಸಬ್ಸಿಡಿ ವಿಷಯ ಆಮೇಲೆ ಮಾತಾಡಬಹುದು.