ಕಾರು ಬಿಟ್ಟುಕೊಟ್ಟ ಬೀದಿ

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪುರಭವನದ ಚೌಕದಿಂದ ಕೊಂಗೆನ್ಸ್ ನ್ಯೂತೋರ್ವ್ ಚೌಕದವರೆಗೆ ಒಂದಕ್ಕೊಂದು ಕೂಡಿಕೊಂಡ ಹಳೆಯ ಬೀದಿಗಳ ಸಾಲಿಗೆ ಸ್ಟ್ರೋಯೆಟ್ ಎಂದು ಹೆಸರು. ಉದ್ದ ಸುಮಾರು 1.1 ಕಿಲೋಮೀಟರ್, ಅಗಲ ಕಡಿಮೆ. ಎರಡನೇ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿದಂತೆ ನಡೆಯುವವರು ಇಕ್ಕಟ್ಟಾದ ಫುಟ್‌ಪಾತಿಗೆ ಸರಿಯಬೇಕಾಯಿತು. ಸುತ್ತಲಿನ ಚೌಕಗಳಲ್ಲಿ ವಾಹನಗಳು ತುಂಬಿಕೊಂಡವು.

1962ರ ನವೆಂಬರ್ 17ರಂದು ನಗರಾಡಳಿತ ಪ್ರಯೋಗವೆಂದು ಇಲ್ಲಿ ಕಾರುಗಳನ್ನು ತಡೆಯಿತು. ಅಂಗಡಿಯವರು ಕೆರಳಿದರು: ಕಾರು ಬಾರದಿದ್ದರೆ ಗಿರಾಕಿ ಎಲ್ಲಿಂದ ಬರಬೇಕು? ಚಳಿಯ ನಾಡಿನವರು ಇಟಲಿಯವರಂತೆ ಬೀದಿಯಲ್ಲಿ ಕೂತು ಕಾಲ ಕಳೆಯುವವರಲ್ಲ ಎಂಬ ವಾದವೂ ಎದ್ದಿತು. ಎರಡೂ ಸುಳ್ಳಾದವು. 1964ರಲ್ಲಿ ಏರ್ಪಾಡು ಕಾಯಂ ಆಯಿತು.

ಬೀದಿ ಬದಲಾದದ್ದರಷ್ಟೇ ಮುಖ್ಯವಾದದ್ದು, ಆ ಬದಲಾವಣೆಯನ್ನು ಕೂತು ಎಣಿಸಿದ ಕೆಲಸ. ವಾಸ್ತುಶಿಲ್ಪಿ ಯಾನ್ ಗೆಲ್ 1960ರ ದಶಕದಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಕಡೆ ಮುಖ ಮಾಡುತ್ತಾರೆ ಎಂದು ಗಮನಿಸತೊಡಗಿದರು. ಬ್ಯಾಂಕು, ಕಚೇರಿಗಳ ಮುಂದೆ ನಿಲ್ಲುವವರು ತೀರ ಕಡಿಮೆ. ಒಂದು ದೊಡ್ಡ ಮಳಿಗೆಯ ಮುಂಭಾಗವನ್ನು ಹೊಸದಾಗಿ ಕಟ್ಟುತ್ತಿದ್ದಾಗ, ಅದರ ಅಲಂಕೃತ ಗಾಜಿನ ಕಿಟಕಿಗಳಿಗಿಂತ ಬೇಲಿಯ ಗೇಟಿನಾಚೆಯ ಅಗೆತವನ್ನು ನೋಡಲು ಹೆಚ್ಚು ಮಂದಿ ನಿಂತರು. ಕೆಲಸಗಾರರು ಊಟಕ್ಕೆ ಎದ್ದಾಗ ಅಲ್ಲಿ ಹೆಚ್ಚುಕಡಿಮೆ ಯಾರೂ ನಿಲ್ಲುತ್ತಿರಲಿಲ್ಲ. ಜನರನ್ನು ಹಿಡಿದು ನಿಲ್ಲಿಸಿದ್ದು ಗುಂಡಿಯಲ್ಲ, ದುಡಿಯುತ್ತಿದ್ದ ಮನುಷ್ಯರು. ಬೆಂಚನ್ನು ಜನ ಓಡಾಡುವ ಕಡೆಗೆ ಮುಖಮಾಡಿ ಇಡಬೇಕೆಂಬ ಸರಳ ವಿವೇಕಕ್ಕೆ ಇಂಥ ನೋಟವೇ ಆಧಾರ.

1971ರಲ್ಲಿ ಬಂದ ಅವರ ಪುಸ್ತಕ ಹೊರಗಿನ ಚಟುವಟಿಕೆಗಳನ್ನು ಮೂರಾಗಿ ವಿಂಗಡಿಸಿತು. ಶಾಲೆ, ಕಚೇರಿಗೆ ಹೋಗುವುದು ಜಾಗ ಹೇಗಿದ್ದರೂ ನಡೆಯುತ್ತದೆ. ಅಡ್ಡಾಡುವುದು, ಬಿಸಿಲಿಗೆ ಕೂರುವುದು ಜಾಗ ಹಿತವಾಗಿದ್ದರೆ ಮಾತ್ರ. ಈ ಎರಡೂ ಸೇರಿದೆಡೆ ಮಾತುಕತೆ, ಆಟ, ಪರಿಚಯ ತಾವಾಗಿ ಹುಟ್ಟುತ್ತವೆ. ನಗರ ವಿನ್ಯಾಸದ ಕೈಯಲ್ಲಿರುವುದು ಎರಡನೆಯದು. ಗೆಲ್ ಹಿಡಿದದ್ದು ಅದನ್ನೇ.

ಇತ್ತ ಕೋಪನ್‌ಹೇಗನ್‌ನಲ್ಲಿ 1968ರಲ್ಲಿ ಫಿಯೋಲ್‌ಸ್ಟ್ರೇಡ್ ಬೀದಿ, 1973ರಲ್ಲಿ ಕ್ಯೋಬ್‌ಮೇಗರ್‌ಗೇಡ್, 1980ರಲ್ಲಿ ನ್ಯೂಹಾವ್ನ್ ಕಾಲುವೆಯ ಒಂದು ದಂಡೆ ನಡೆಯುವವರ ಪಾಲಾದವು. 1962ರಲ್ಲಿ ಸುಮಾರು 15,800 ಚದರ ಮೀಟರ್ ಇದ್ದ ಕಾರುರಹಿತ ಜಾಗ ಶತಮಾನದ ಕೊನೆಗೆ ಲಕ್ಷದ ಹತ್ತಿರ ಬಂತು. ಪಾರ್ಕಿಂಗ್ ಜಾಗವನ್ನೂ ವರ್ಷವರ್ಷ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿದ್ದರಿಂದ ಕಾರಿನವರಿಗೆ ಅಭ್ಯಾಸ ಬದಲಿಸಿಕೊಳ್ಳಲು ಸಮಯ ಸಿಕ್ಕಿತು. ಈ ನಿಧಾನವೇ ಯೋಜನೆಯ ಜಾಣತನ. 1968, 1986, 1995ರ ಎಣಿಕೆಗಳಲ್ಲಿ, ಜಾಗ ಹಿಗ್ಗಿದಷ್ಟೂ ಹೊರಗೆ ಕಾಲ ಕಳೆಯುವವರು ಹೆಚ್ಚಿರುವುದು ಕಂಡಿತು.

ಇದೇ ಎಣಿಕೆಯ ಕ್ರಮವನ್ನು 1994ರಲ್ಲಿ ಮೆಲ್ಬರ್ನ್ ಬಳಸಿತು. ಗೆಲ್ ತಂಡದ ಸಲಹೆ ಪಡೆದ ನ್ಯೂಯಾರ್ಕ್ 2009ರಲ್ಲಿ ಟೈಮ್ಸ್ ಸ್ಕ್ವೇರ್‌ನ ಬ್ರಾಡ್‌ವೇಯಿಂದ ಕಾರುಗಳನ್ನು ತೆಗೆದು, ಮಡಚುವ ಕುರ್ಚಿಗಳನ್ನು ಹಾಕಿತು.