ಒಂಟಿ ಕೋಲಿನ ಪೈಲಟ್ಟುಗಳು

ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವವರನ್ನು ಯಾವುದಾದರೂ ಮೈದಾನದಲ್ಲಿ ನೋಡಿದ್ದರೆ ಅವರ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿರುತ್ತೀರಿ. ಎರಡು ಪುಟ್ಟ ಕೋಲು, ಒಂದು ಎಡ ಹೆಬ್ಬೆರಳಿಗೆ, ಇನ್ನೊಂದು ಬಲ ಹೆಬ್ಬೆರಳಿಗೆ. ಟ್ರಾನ್ಸ್‌ಮಿಟರ್ ಅಂದರೆ ಹೀಗೇ ಇರಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಡ್ರೋನ್ ಹಾರಿಸುವ ಹುಡುಗರ ಕೈಯಲ್ಲೂ ಅದೇ ಎರಡು ಕೋಲು. ಆದರೆ ಒಂದು ಕಾಲದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಒಂದೇ ಕೋಲಿನ ಟ್ರಾನ್ಸ್‌ಮಿಟರ್ ಹಿಡಿದು ಹಾರಿಸುವ ದೊಡ್ಡ ಪಂಗಡವೇ ಇತ್ತು. ಆ ಪಂಗಡ ಈಗಲೂ ಪೂರ್ತಿ ಅಳಿದಿಲ್ಲ. ಹಳೇ ಡಬ್ಬಿಗಳನ್ನು ಬಿಚ್ಚಿ, ಒಳಗಿನದ್ದನ್ನೆಲ್ಲ ಕಿತ್ತು, ಹೊಸ ಹೊಟ್ಟೆ ತುಂಬಿಸಿ ಹಾರಿಸುತ್ತಲೇ ಇದ್ದಾರೆ. ಯಾಕೆ ಇಷ್ಟೊಂದು ಹಟ ಅನ್ನೋದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶುರುವಿನಲ್ಲಿ ಕೋಲೇ ಇರಲಿಲ್ಲ. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅಣ್ಣತಮ್ಮಂದಿರು ಮಿಶಿಗನ್‌ನ ಕಲಮಜೂದಲ್ಲಿ 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋ ಹಿಡಿತದಲ್ಲಿ ಹಾರಿಸಿದರು. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ಹ್ಯಾಮ್ ರೇಡಿಯೋ ಹುಚ್ಚು. ಒಂದೇ ಮನೆಯಲ್ಲಿ ಎರಡೂ ಸೇರಿದರೆ ಇನ್ನೇನಾಗುತ್ತೆ ಹೇಳಿ! ಆ ವಿಮಾನ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಮರುವರ್ಷವೇ ರೇಥಿಯಾನ್ ಕಂಪನಿಯ ಆರ್‌ಕೆ-61 ಎಂಬ ಅನಿಲ ತುಂಬಿದ ಪುಟ್ಟ ವಾಲ್ವ್ ಬಂತು. ಒಂದೇ ವಾಲ್ವ್‌ನಲ್ಲಿ ಇಡೀ ರಿಸೀವರ್ ಮುಗಿಯುತ್ತಿತ್ತು. ಆಯುಷ್ಯ ಮಾತ್ರ ಕಡಿಮೆ. ವಿಮಾನ ಹೊರಬಹುದಾದಷ್ಟು ಹಗುರವಾದ ರಿಸೀವರ್ ಸಿಕ್ಕಿದ್ದು ಹೀಗೆ.

ಆ ರಿಸೀವರ್‌ಗೆ ಗೊತ್ತಾಗುತ್ತಿದ್ದುದು ಒಂದೇ ಸಂಗತಿ, ಸಿಗ್ನಲ್ ಇದೆಯೋ ಇಲ್ಲವೋ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಒಂದೇ ಒಂದು ಬಿಟ್. ಅದರಲ್ಲಿ ವಿಮಾನ ತಿರುಗಿಸೋದು ಹೇಗೆ? ಅದಕ್ಕೆ ಹುಟ್ಟಿದ್ದು ಎಸ್ಕೇಪ್‌ಮೆಂಟ್. ತಿರುಚಿದ ರಬ್ಬರ್ ಬ್ಯಾಂಡ್ ಒಂದು ಪುಟ್ಟ ಚಕ್ರವನ್ನು ತಿರುಗಿಸಲು ಕಾಯ್ತಾ ಇರುತ್ತೆ, ವಿದ್ಯುತ್ ಅಯಸ್ಕಾಂತವೊಂದು ಅದನ್ನು ತಡೆದು ನಿಲ್ಲಿಸಿರುತ್ತೆ. ನೀವು ಗುಂಡಿ ಒತ್ತಿದರೆ ಚಕ್ರ ಒಂದು ಹೆಜ್ಜೆ ಮುಂದೆ ಹೋಗಿ ರಡ್ಡರ್ ಬಲಕ್ಕೆ. ಬಿಟ್ಟರೆ ಮಧ್ಯಕ್ಕೆ. ಮತ್ತೆ ಒತ್ತಿದರೆ ಎಡಕ್ಕೆ. ಬಿಟ್ಟರೆ ಮತ್ತೆ ಮಧ್ಯಕ್ಕೆ. ಅಂದರೆ ಹಿಂದಿನ ಸಲ ಯಾವ ಕಡೆ ತಿರುಗಿಸಿದ್ದೆ ಅಂತ ಹಾರಿಸುವವನಿಗೆ ನೆನಪಿರಬೇಕು! ಆಮೇಲೆ ಬಂದ ಕಾಂಪೌಂಡ್ ಎಸ್ಕೇಪ್‌ಮೆಂಟ್‌ನಲ್ಲಿ ಈ ಪೀಕಲಾಟ ತಪ್ಪಿತು. ಒಂದು ಸಲ ಒತ್ತಿ ಹಿಡಿದರೆ ಯಾವಾಗಲೂ ಬಲ, ಒತ್ತಿ ಬಿಟ್ಟು ಮತ್ತೆ ಒತ್ತಿ ಹಿಡಿದರೆ ಯಾವಾಗಲೂ ಎಡ. ರಬ್ಬರ್ ಬ್ಯಾಂಡಿನ ಸುತ್ತು ಮುಗಿದುಹೋದರೆ ವಿಮಾನ ತನ್ನಿಷ್ಟ ಬಂದಲ್ಲಿಗೆ. ಅಷ್ಟೇ.

1950ರ ದಶಕದಲ್ಲಿ ರೀಡ್ ಸೆಟ್‌ಗಳು ಬಂದವು. ಹಾರ್ಮೋನಿಯಂ ಒಳಗಿನ ನಾಲಗೆಗಳು ನೆನಪಿದೆಯಲ್ಲ, ಅಂಥವೇ ಲೋಹದ ಪಟ್ಟಿಗಳ ಒಂದು ಸಾಲು ರಿಸೀವರ್ ಒಳಗೆ. ಟ್ರಾನ್ಸ್‌ಮಿಟರ್ ಒಂದೊಂದು ಗುಂಡಿಗೆ ಒಂದೊಂದು ಸ್ವರ ಕಳಿಸುತ್ತೆ. ಆ ಸ್ವರಕ್ಕೆ ಹೊಂದುವ ಪಟ್ಟಿ ಮಾತ್ರ ಅದುರಿ, ಸಂಪರ್ಕ ಮುಟ್ಟಿ, ಮೋಟಾರ್ ಓಡಿಸುತ್ತೆ. ಎಲಿವೇಟರ್ ಮೇಲಕ್ಕೆ ಒಂದು ಪಟ್ಟಿ, ಕೆಳಕ್ಕೆ ಇನ್ನೊಂದು. ಹತ್ತು ಪಟ್ಟಿ ಇದ್ದರೆ ಐದು ಕೆಲಸ. 1960ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಅನ್ನು ಅಮೆರಿಕದ ಎಡ್ ಕಾಜ್ಮಿರ್ಸ್ಕಿ ಗೆದ್ದಿದ್ದು ಈ ರೀಡ್ ಕಾಲದಲ್ಲೇ. ಆದರೆ ರೀಡ್‌ನಲ್ಲಿ 'ಸ್ವಲ್ಪ' ಅನ್ನೋದೇ ಇಲ್ಲ. ಮೇಲಕ್ಕೆ ಅಂದರೆ ಪೂರ್ತಿ ಮೇಲಕ್ಕೆ. ಸ್ವಲ್ಪ ಬೇಕಂದರೆ ಸ್ವಿಚ್ಚನ್ನು ಟಕ ಟಕ ಅಂತ ಬಡಿಯಬೇಕು. ನುರಿತವರ ಕೈಯಲ್ಲಿ ಅದೂ ನಯವಾಗಿ ಕಾಣುತ್ತಿತ್ತು. ಸ್ವಿಚ್ಚುಗಳು ಎರಡೂ ಕೈಗೆ ಹಂಚಿಹೋಗಿದ್ದವು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೋಲು ಬಂದಿದ್ದು 'ಸ್ವಲ್ಪ' ಬೇಕಾದಾಗ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಗ್ಯಾಲಪಿಂಗ್ ಘೋಸ್ಟ್ ಅನ್ನೋ ವಿಚಿತ್ರ. ಕುಣಿಯುವ ಭೂತ ಅನ್ನಬಹುದೇನೋ. ಅದೇ ಹಳೇ ಒಂದು ಬಿಟ್, ಇದೆ ಅಥವಾ ಇಲ್ಲ. ಆದರೆ ಅದನ್ನ ಸೆಕೆಂಡಿಗೆ ಹಲವು ಸಲ ಆನ್-ಆಫ್ ಮಾಡ್ತಾ ಇರೋದು. ಕೋಲನ್ನು ಎಡಬಲ ಆಡಿಸಿದರೆ ಆನ್ ಇರುವ ಪಾಲು ಬದಲಾಗುತ್ತೆ, ಅದು ರಡ್ಡರ್‌ಗೆ. ಹಿಂದೆಮುಂದೆ ಆಡಿಸಿದರೆ ಮಿಡಿತದ ವೇಗ ಬದಲಾಗುತ್ತೆ, ಅದು ಎಲಿವೇಟರ್‌ಗೆ. ವಿಮಾನದ ಬಾಲ ಮಾತ್ರ ಹಾರುವಷ್ಟು ಹೊತ್ತೂ ಪಟಪಟ ಅಂತ ಬಡಕೊಳ್ತಾ ಇರುತ್ತೆ, ಯಾವ ಕಡೆ ಹೆಚ್ಚು ಹೊತ್ತು ಇರುತ್ತೋ ವಿಮಾನ ಆ ಕಡೆ ತಿರುಗುತ್ತೆ. ಈಗ ಎಲ್‌ಇಡಿ ಬೆಳಕು ಕಡಿಮೆ ಮಾಡೋಕೆ ನಾವು ಬಳಸುವ ಪಲ್ಸ್ ವಿಡ್ತ್ ಮಾಡ್ಯುಲೇಶನ್ನೇ ಇದು, ರೆಕ್ಕೆ ಪುಕ್ಕ ಹಚ್ಚಿಕೊಂಡು :)

1960ರ ದಶಕದ ಮೊದಲ ಅರ್ಧದಲ್ಲಿ ನಿಜವಾದ ಪ್ರೊಪೋರ್ಷನಲ್ ಸೆಟ್‌ಗಳು ಬಂದವು. ಡಗ್ ಸ್ಪ್ರೆಂಗ್ ಮತ್ತು ಡಾನ್ ಮ್ಯಾಥೆಸ್ ಸೇರಿ ಮಾಡಿದ ಡಿಜಿಕಾನ್ ಅದರಲ್ಲಿ ಹೆಸರಾದದ್ದು. ಇದರ ಹೂರಣ ಬಹಳ ಸರಳ. ಕೋಲಿನ ಸ್ಥಾನವನ್ನು ಒಂದು ಪಲ್ಸಿನ ಅಗಲವಾಗಿ ಬದಲಿಸೋದು. 1 ಮಿಲಿಸೆಕೆಂಡ್ ಅಂದರೆ ಒಂದು ತುದಿ, 2 ಅಂದರೆ ಇನ್ನೊಂದು ತುದಿ, 1.5 ಅಂದರೆ ನಡುಮಧ್ಯ. ಒಂದರ ಹಿಂದೆ ಒಂದು ಚಾನೆಲ್ ಕಳಿಸಿ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಮೊದಲಿಂದ. ಸುಮಾರು 20 ಮಿಲಿಸೆಕೆಂಡಿಗೆ ಒಂದು ಸುತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಅಗ್ಗದ ಸರ್ವೋ ಕೂಡ ಇದೇ ಭಾಷೆ ಮಾತಾಡುತ್ತೆ. ನಮ್ಮ ಫೀಲ್ಡಿನಲ್ಲಿ ಐದು ವರ್ಷ ಬಾಳಿದ ಪ್ರೋಟೋಕಾಲ್‌ಗೆ ಹಾರ ಹಾಕ್ತೀವಿ, ಇದು ಅರವತ್ತು ದಾಟಿದೆ.

ಈಗ ಪ್ರಶ್ನೆ ಬಂತು. ನಾಲ್ಕು ಕೆಲಸಗಳಿವೆ: ಎಲೆರಾನ್, ಎಲಿವೇಟರ್, ರಡ್ಡರ್, ಥ್ರಾಟಲ್. ಇವನ್ನು ಎರಡು ಕೈಗೆ ಹಂಚೋದು ಹೇಗೆ? ರೀಡ್ ಸ್ವಿಚ್ಚುಗಳಿಗೆ ಕೈ ಪಳಗಿದ್ದವರು ಎಲಿವೇಟರ್ ಎಡಗೈಯಲ್ಲಿ, ಎಲೆರಾನ್ ಬಲಗೈಯಲ್ಲಿ ಅಂತ ಹಂಚಿಕೊಂಡರು. ಇವತ್ತು ಮೋಡ್ 1 ಅನ್ನೋದರ ಬೇರು ಅಲ್ಲಿದೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಇನ್ನೊಂದು ಪಂಗಡ ಹೇಳಿದ್ದು: ನಿಜವಾದ ವಿಮಾನದಲ್ಲಿ ಪೈಲಟ್ ಕೈಯಲ್ಲಿರೋದು ಒಂದೇ ಕೋಲು ತಾನೇ? ಹಿಂದೆಮುಂದೆ ಎಲಿವೇಟರ್, ಎಡಬಲ ಎಲೆರಾನ್. ಕಾಲಲ್ಲಿ ಒತ್ತುವ ರಡ್ಡರ್ ಪೆಡಲ್ ಇಲ್ಲಿ ಇಲ್ಲ, ಹಾಗಾಗಿ ಕೋಲಿನ ತಲೆಗೆ ಒಂದು ಗುಬುಟು ಹಚ್ಚಿ ಅದನ್ನು ತಿರುಚಿದರೆ ರಡ್ಡರ್. ಥ್ರಾಟಲ್‌ಗೆ ಡಬ್ಬಿಯ ಎಡಮಗ್ಗುಲಲ್ಲಿ ಒಂದು ಸನ್ನೆ. ಡಬ್ಬಿಯನ್ನು ಎಡತೋಳಿನಲ್ಲಿ ಮಗುವಿನ ಹಾಗೆ ಅವಚಿಕೊಳ್ಳೋದು, ಅದೇ ಕೈಯ ಬೆರಳು ಥ್ರಾಟಲ್ ಮೇಲೆ. ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿ ಗುಬುಟು ಹಿಡಿದರೆ ಮೂರೂ ಅಕ್ಷಗಳು ಒಂದೇ ಕೈಯಲ್ಲಿ. ಸಿಂಗಲ್ ಸ್ಟಿಕ್ ಅಂದರೆ ಇದು.

ಅಂದಹಾಗೆ ಇದೇ ದಶಕದಲ್ಲಿ ಅಪೋಲೋ ನೌಕೆಯನ್ನು ತಿರುಗಿಸುವ ಹಿಡಿಕೆಯನ್ನೂ ಹೀಗೇ ಮಾಡಿದ್ದರು. ಬಾಗಿಸಿದರೆ ಪಿಚ್ ಮತ್ತು ರೋಲ್, ತಿರುಚಿದರೆ ಯಾ. ಚಂದ್ರನಿಗೆ ಹೋದವರು ನೌಕೆಯ ಮುಖ ತಿರುಗಿಸಿದ್ದು ಬಲಗೈಯ ಆ ಒಂದು ಹಿಡಿಕೆಯಿಂದ. ಹಾಗಾಗಿ ಇದನ್ನ ಹವ್ಯಾಸಿಗಳ ಹುಚ್ಚಾಟ ಅನ್ನೋ ಹಾಗಿಲ್ಲ.

1967ರಲ್ಲಿ ಕಾರ್ಸಿಕಾದಲ್ಲಿ ವಿಶ್ವ ಚಾಂಪಿಯನ್ ಆದ ಫಿಲ್ ಕ್ರಾಫ್ಟ್ ಸ್ವತಃ ರೇಡಿಯೋ ತಯಾರಕ. ಕ್ಯಾಲಿಫೋರ್ನಿಯಾದ ಅವನ ಕ್ರಾಫ್ಟ್ ಸಿಸ್ಟಮ್ಸ್ ಕಂಪನಿ ಎರಡು ಕೋಲಿನದ್ದನ್ನೂ ಮಾರುತ್ತಿತ್ತು, ಒಂದು ಕೋಲಿನದ್ದನ್ನೂ ಮಾರುತ್ತಿತ್ತು. ಗಿರಾಕಿಗೆ ಯಾವುದು ಬೇಕೋ ಅದು. ಕ್ರಾಫ್ಟ್ ಸಿಂಗಲ್ ಸ್ಟಿಕ್‌ಗೆ ಇವತ್ತಿಗೂ ಹಳಬರಲ್ಲಿ ಒಂದು ಭಕ್ತಿ ಇದೆ. ಮಿಸೌರಿಯ ಏಸ್ ಆರ್‌ಸಿ ಕಂಪನಿ ಸಿಲ್ವರ್ ಸೆವೆನ್ ಅಂತ ಕಿಟ್ ಮಾರುತ್ತಿತ್ತು, ನೀವೇ ಬೆಸುಗೆ ಹಾಕಿ ಕಟ್ಟಿಕೊಳ್ಳೋದು. ಜಪಾನಿನ ಫುಟಬಾ ಕೂಡ ಅಮೆರಿಕದ ಗಿರಾಕಿಗಳಿಗಾಗಿ ಸಿಂಗಲ್ ಸ್ಟಿಕ್ ಮಾಡಿತು.

ಹಾರಿಸೋಕೆ ಹೇಗಿರುತ್ತೆ? ತಿರುವು ತಗೊಳ್ಳುವಾಗ ಎಲೆರಾನ್ ಜೊತೆ ರಡ್ಡರ್ ಸೇರಿಸೋದು ಸಹಜ, ಯಾಕಂದರೆ ಮಣಿಕಟ್ಟು ಬಾಗುವಾಗ ಬೆರಳೂ ತಿರುಚಿಕೊಳ್ಳುತ್ತೆ. ನೆಲದ ಮೇಲೆ ಓಡಿಸುವಾಗಲೂ ಅಷ್ಟೇ. ಆದರೆ ಅದೇ ಗುಣವೇ ದೋಷ ಕೂಡ. ರಡ್ಡರ್ ಮಾತ್ರ ಬೇಕು, ಎಲೆರಾನ್ ಬೇಡ ಅನ್ನುವಾಗ ಕೈ ಕೇಳಬೇಕಲ್ಲ? ಗುಬುಟು ತಿರುಚುವಾಗ ಕೋಲು ಒಂಚೂರು ವಾಲುತ್ತೆ, ವಿಮಾನವೂ ವಾಲುತ್ತೆ. ಬೆರಳಿನ ಎಷ್ಟು ಬಲ ತಿರುಚೋಕೆ, ಎಷ್ಟು ಬಲ ಬಾಗಿಸೋಕೆ ಅನ್ನೋದನ್ನ ಬೇರ್ಪಡಿಸಿಕೊಳ್ಳೋಕೆ ಅಭ್ಯಾಸ ಬೇಕು. ಒಮ್ಮೆ ಕೂತರೆ ಜನ್ಮಕ್ಕೂ ಹೋಗಲ್ಲ.

ಇಲ್ಲೇ ಇರೋದು ನೋಡಿ ಅಸಲಿ ವಿಷಯ. ಬರಹದಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಬರೆದು ರೂಢಿಯಾದವರನ್ನು ಕೆ. ಪಿ. ರಾವ್ ವಿನ್ಯಾಸಕ್ಕೋ ಇನ್‌ಸ್ಕ್ರಿಪ್ಟ್‌ಗೋ ಕರೆದು ನೋಡಿ, ಯಾವುದು ವೈಜ್ಞಾನಿಕ ಅಂತ ಎಷ್ಟು ವಾದ ಮಾಡಿದರೂ ಬೆರಳು ಒಪ್ಪಲ್ಲ. ಆದರೆ ನಮ್ಮ ಬೆರಳು ತಪ್ಪಿದರೆ ಒಂದು ಬ್ಯಾಕ್‌ಸ್ಪೇಸ್ ಸಾಕು. ಅವರದ್ದು ತಪ್ಪಿದರೆ ಚಳಿಗಾಲವಿಡೀ ಕೂತು ಕಟ್ಟಿದ ಬಾಲ್ಸಾ ವಿಮಾನ ಪುಡಿಪುಡಿ. ಕೆಳಗೆ ಯಾರಾದರೂ ನಿಂತಿದ್ದರೆ ಇನ್ನೂ ಕೆಟ್ಟದ್ದು. ಇಪ್ಪತ್ತು ವರ್ಷ ಒಂಟಿ ಕೋಲಿನಲ್ಲಿ ಹಾರಿಸಿದವನಿಗೆ ಎರಡು ಕೋಲು ಕೊಟ್ಟರೆ ಶಾಂತವಾಗಿ ಹಾರುವಾಗ ಏನೂ ಆಗಲ್ಲ. ವಿಮಾನ ತಲೆಕೆಳಗಾಗಿ ಬೀಳುವಾಗ, ಯೋಚನೆಗೆ ಸಮಯ ಇಲ್ಲದಾಗ, ಕೈ ತನ್ನ ಹಳೇ ಪಾಠವನ್ನೇ ಒಪ್ಪಿಸುತ್ತೆ.

ಹಾಗಿದ್ದರೂ ಸಿಂಗಲ್ ಸ್ಟಿಕ್ ಸೋತಿದ್ದೇಕೆ? ಒಂದು ಕಾರಣ ಹೆಲಿಕಾಪ್ಟರ್ ಅನ್ನೋದು ನನ್ನ ಲೆಕ್ಕ. 1970ರ ದಶಕದಲ್ಲಿ ಮಾದರಿ ಹೆಲಿಕಾಪ್ಟರ್‌ಗಳು ಬಂದ ಮೇಲೆ ಥ್ರಾಟಲ್ ಅನ್ನೋದು ಸುಮ್ಮನೆ ಒಂದು ಕಡೆ ಇಟ್ಟು ಮರೆಯುವ ಸನ್ನೆಯಾಗಿ ಉಳಿಯಲಿಲ್ಲ. ಗಾಳಿಯಲ್ಲಿ ನಿಲ್ಲಿಸೋಕೆ ಕ್ಷಣಕ್ಷಣವೂ ನಯವಾಗಿ ಆಡಿಸಬೇಕು. ಮಗ್ಗುಲ ಸನ್ನೆಗೆ ಅದು ಕಷ್ಟ. ಇನ್ನೊಂದು ಕಾರಣ ಗುರುಗಳದ್ದು. ಹೊಸಬನ ವಿಮಾನ ದಿಕ್ಕೆಟ್ಟಾಗ ಪಕ್ಕದಲ್ಲಿ ನಿಂತ ಗುರು ಟ್ರಾನ್ಸ್‌ಮಿಟರ್ ಕಿತ್ತುಕೊಂಡು ಉಳಿಸಬೇಕು. ಕ್ಲಬ್ಬಿನಲ್ಲಿ ಎಲ್ಲರೂ ಎರಡು ಕೋಲಿನವರಾದರೆ ನಿಮ್ಮ ಒಂಟಿ ಕೋಲನ್ನು ಯಾರು ಹಿಡೀತಾರೆ? ಹೊಸಬರು ಗುರುವಿನ ದಾರಿ ಹಿಡಿದರು. ಮೂರಕ್ಷದ ಗಿಂಬಲ್ ಮಾಡೋ ಖರ್ಚೂ ಹೆಚ್ಚು. ಅಮೆರಿಕದಲ್ಲಿ ಗೆದ್ದ ಮೋಡ್ 2ರಲ್ಲಿ ಬಲಗೋಲಿಗೆ ಎಲೆರಾನ್, ಎಲಿವೇಟರ್ ಎರಡೂ ಇವೆ. ಅಂದರೆ ಒಂಟಿ ಕೋಲಿನ ಮುಕ್ಕಾಲು ಭಾಗ ಅಲ್ಲಿ ಬದುಕಿದೆ. ರಡ್ಡರ್ ಮಾತ್ರ ಎಡಕ್ಕೆ ವಲಸೆ ಹೋಗಿದೆ.

ಉಳಿದವರಿಗೆ ದೊಡ್ಡ ಪೆಟ್ಟು ಬಿದ್ದಿದ್ದು 1991ರಲ್ಲಿ. ಅಮೆರಿಕದಲ್ಲಿ 72 ಮೆಗಾಹರ್ಟ್ಸ್ ಪಟ್ಟಿಯನ್ನು 20 ಕಿಲೋಹರ್ಟ್ಸ್ ಅಂತರದ 50 ಚಾನೆಲ್‌ಗಳಾಗಿ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದರು. ಅಗಲವಾಗಿ ಚೆಲ್ಲುತ್ತಿದ್ದ ಹಳೇ ಟ್ರಾನ್ಸ್‌ಮಿಟರ್‌ಗಳು ಪಕ್ಕದವನ ವಿಮಾನ ಬೀಳಿಸಬಹುದು. ಪರೀಕ್ಷೆ ಮಾಡಿ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದ ಸೆಟ್‌ಗಳಿಗೆ ಮಾತ್ರ ಮರ್ಯಾದೆ. ಆಗ ಸಿಂಗಲ್ ಸ್ಟಿಕ್‌ನವರು ಡಬ್ಬಿ ಎಸೆಯಲಿಲ್ಲ. ಒಳಗಿನ ರೇಡಿಯೋ ಭಾಗವನ್ನಷ್ಟೇ ತಜ್ಞರಿಂದ ಬದಲಾಯಿಸಿಕೊಂಡರು.

2000ದ ದಶಕದ ನಡುವಿನಲ್ಲಿ ಸ್ಪೆಕ್ಟ್ರಮ್‌ನಂಥ ಕಂಪನಿಗಳು 2.4 ಗಿಗಾಹರ್ಟ್ಸ್ ತಂದಾಗ ಚಾನೆಲ್ ಜಗಳವೇ ಮುಗೀತು. ಮೀಟರುದ್ದದ ಆಂಟೆನಾ ಹೋಗಿ ಬೆರಳುದ್ದದ್ದು ಬಂತು. ತಮಾಷೆ ಏನಂದರೆ, ಸಿಂಗಲ್ ಸ್ಟಿಕ್‌ಗೆ ಇದು ವರವೇ ಆಯಿತು. ಮಾನ್ಯತೆ ಪಡೆದ 2.4ರ ಮಾಡ್ಯೂಲ್ ಒಂದನ್ನು ತಂದು, ಹಳೇ ಎನ್‌ಕೋಡರ್‌ನಿಂದ ಬರುವ ಅದೇ 1960ರ ದಶಕದ ಪಲ್ಸ್ ಸಾಲನ್ನು ಅದಕ್ಕೆ ಉಣಿಸಿದರೆ ಆಯಿತು. ಪಲ್ಸ್ ತಲೆಕೆಳಗಾಗಿದ್ದರೆ ಒಂದು ಟ್ರಾನ್ಸಿಸ್ಟರ್ ಹಾಕಿ ನೆಟ್ಟಗೆ ಮಾಡಬೇಕು. ಚಾನೆಲ್ ಕ್ರಮವನ್ನೂ ನೋಡಿಕೊಳ್ಳಬೇಕು. ಫುಟಬಾದಲ್ಲಿ ಎಲೆರಾನ್ ಮೊದಲು, ಜೆಆರ್‌ನಲ್ಲಿ ಥ್ರಾಟಲ್ ಮೊದಲು. ಇದನ್ನ ಮರೆತು ಮೋಟಾರ್‌ಗೆ ಬ್ಯಾಟರಿ ಚುಚ್ಚಿದರೆ, ನಡುವಿನಲ್ಲಿ ನಿಂತ ಎಲೆರಾನ್ ಕೋಲು ಅರ್ಧ ಥ್ರಾಟಲ್ ಆಗಿ ಪ್ರೊಪೆಲರ್ ಬೆರಳು ಕೇಳುತ್ತೆ. ಹಾಗಾಗಿ ಪ್ರೊಪೆಲರ್ ಬಿಚ್ಚಿಟ್ಟು ಪರೀಕ್ಷೆ ಮಾಡೋದು ಒಳ್ಳೇದು.

ಇನ್ನೊಂದು ಗುಂಪು ಎನ್‌ಕೋಡರ್ ಕೂಡ ಎಸೆದು, ಕ್ರಾಫ್ಟ್ ಅಥವಾ ಏಸ್ ಡಬ್ಬಿಯೊಳಗೆ ಹೊಸ ಕಂಪ್ಯೂಟರ್ ರೇಡಿಯೋದ ಬೋರ್ಡನ್ನೇ ಕೂರಿಸುತ್ತೆ. ಓಪನ್‌ಟಿಎಕ್ಸ್, ಎಡ್ಜ್‌ಟಿಎಕ್ಸ್‌ನಂಥ ಮುಕ್ತ ತಂತ್ರಾಂಶ ಇದ್ದರೆ ಯಾವ ಪೊಟೆನ್ಷಿಯೋಮೀಟರ್ ಯಾವ ಕೆಲಸಕ್ಕೆ ಅಂತ ನಾವೇ ಹೇಳಬಹುದು. ಹಳೇ ಗಿಂಬಲ್ ತನ್ನ ಪೊಟೆನ್ಷಿಯೋಮೀಟರನ್ನು ಪೂರ್ತಿ ತಿರುಗಿಸಲ್ಲ, ಸಣ್ಣ ಭಾಗದಲ್ಲಿ ಮಾತ್ರ ಆಡಿಸುತ್ತೆ. ಆ ಕಿರಿದಾದ ವೋಲ್ಟೇಜನ್ನು ಕ್ಯಾಲಿಬ್ರೇಶನ್ ಹಿಗ್ಗಿಸಿಕೊಳ್ಳುತ್ತೆ. ತಲೆನೋವು ಇರೋದು ಮೂರನೇ ಅಕ್ಷದಲ್ಲಿ. ಅದರ ಪೊಟೆನ್ಷಿಯೋಮೀಟರ್ ಕೋಲಿನ ಜೊತೆಗೇ ಚಲಿಸುವುದರಿಂದ ಅದರ ಮೂರು ತಂತಿಗಳು ಪ್ರತಿ ಅಲುಗಾಟಕ್ಕೂ ಬಾಗುತ್ತವೆ. ನೂರಾರು ಎಳೆಗಳ ಮೆತ್ತನೆಯ ತಂತಿ ಹಾಕಿ, ಸ್ವಲ್ಪ ಸಡಿಲ ಸುತ್ತು ಬಿಡದಿದ್ದರೆ ಬೆಸುಗೆಯ ಬುಡದಲ್ಲೇ ಒಂದು ದಿನ ಕಡಿಯುತ್ತೆ, ರಡ್ಡರ್ ಹೋಗುತ್ತೆ.

ಡಬ್ಬಿ ಬಿಚ್ಚೋಕೆ ಮನಸ್ಸಿಲ್ಲದವರಿಗೆ ಮೂರನೇ ದಾರಿಯೊಂದಿದೆ, ನನಗೆ ಬಹಳ ಹಿಡಿಸಿದ್ದು. ಹೊಸ ರೇಡಿಯೋಗಳಲ್ಲಿ ಗುರು-ಶಿಷ್ಯರ ಟ್ರಾನ್ಸ್‌ಮಿಟರ್ ಜೋಡಿಸುವ ಟ್ರೇನರ್ ಕಿಂಡಿ ಇರುತ್ತಲ್ಲ, ಹಳೇ ಸಿಂಗಲ್ ಸ್ಟಿಕ್‌ನ ಪಲ್ಸ್ ಸಾಲನ್ನು ಒಂದು ತಂತಿಯಲ್ಲಿ ತಂದು ಅಲ್ಲಿಗೆ ಚುಚ್ಚೋದು. ಹೊಸ ರೇಡಿಯೋ ಗುರುವಿನ ಜಾಗದಲ್ಲಿ, ಐವತ್ತು ವರ್ಷದ ಕ್ರಾಫ್ಟ್ ಶಿಷ್ಯನ ಜಾಗದಲ್ಲಿ. ಪಕ್ಕದಲ್ಲಿ ಎರಡು ಕೋಲಿನ ಮೊಮ್ಮಗ ಟ್ರೇನರ್ ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ತಾತ ಹಾರಿಸಬಹುದು, ಸ್ವಿಚ್ ಬಿಟ್ಟರೆ ವಿಮಾನ ಮೊಮ್ಮಗನ ಕೈಗೆ.