ಉದ್ಯಾನದ ಬಾಗಿಲು ಮತ್ತು ಪ್ರವೇಶ ಶುಲ್ಕ
ಚಕ್ಕಡಿ ಹೂಡಿಕೊಂಡು ಉಳವಿ ಜಾತ್ರೆಗೆ ಹೋಗಿ ಮರದಡಿ ಬೀಡುಬಿಡುವ ಧಾರವಾಡ ಸೀಮೆಯವರಿಗೆ ನೆರಳಿಗೆ ದುಡ್ಡು ತೆತ್ತು ರೂಢಿಯಿಲ್ಲ. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಉದ್ಯಾನಕ್ಕೆ ಮಾತ್ರ ಟಿಕೆಟ್ ಬೇಕು. ಈ ಪದ್ಧತಿಯನ್ನು ಅರಿಯಲು ಬೆಂಗಳೂರಿನ ಲಾಲ್‌ಬಾಗಿನ ಇತಿಹಾಸ ನೆರವಾಗುತ್ತದೆ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಅರಸನ ತೋಟ. ಪ್ರಜೆಗಳಿಗೆ ಅಲ್ಲಿ ಪ್ರವೇಶ ಹಕ್ಕಾಗಿರಲಿಲ್ಲ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್‌ನ ಆಡಳಿತಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಅಲ್ಲಿ ನಡೆದ ಫಲಪುಷ್ಪ ಪ್ರದರ್ಶನಗಳು ಜನರನ್ನು ಒಳಗೆ ಕರೆದವು. ಹಾಗೆ ಕರೆಸಿಕೊಂಡವರಿಂದಲೇ ಮುಂದೆ ಶುಲ್ಕ ಪಡೆಯಲಾಯಿತು.

ಮುಂಜಾನೆಯ ವಾಯುವಿಹಾರಿಗಳಿಗೆ ಲಾಲ್‌ಬಾಗಿನಲ್ಲಿ ವಿನಾಯಿತಿ ಉಂಟು. ಬಸ್ಸಿಳಿದು ನಡುಹಗಲಿಗೆ ತಲುಪುವ ಹಳ್ಳಿಯವರು ಹಣ ತೆರಬೇಕು. ಎಂದರೆ ವಿನಾಯಿತಿ ದೊರೆತದ್ದು ಬಡತನಕ್ಕಲ್ಲ, ನೆರೆಹೊರೆಗೆ. ಗಿಡಗಳ ಪಾಲನೆಗೆ ಹಣ ಬೇಕೆಂಬ ಆಡಳಿತದ ವಾದ ಸುಳ್ಳಲ್ಲ. ಆದರೆ ವಿನಾಯಿತಿಯ ವೇಳೆಯನ್ನು ಗೊತ್ತುಮಾಡುವಾಗ ಪರಊರಿನವರು ಲೆಕ್ಕಕ್ಕೆ ಬಂದಂತಿಲ್ಲ.